ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್‌ಗೆ ರೇಡ್: ಮೊದಲು ವೇಗ ಪಳಗಲಿ, ಆಮೇಲೆ ಡಿಸ್ಕ್

ಮೈಸೂರು, ಮಂಡ್ಯದ ಕಡೆ ಮದುವೆ ವಿಡಿಯೊ ಎಡಿಟ್ ಮಾಡುವವರಲ್ಲಿ ಒಂದು ರೂಢಿ ಬೆಳೆದಿದೆ. ಹೊಸ ಯಂತ್ರ ಕೊಳ್ಳುವಷ್ಟು ದುಡ್ಡಿಲ್ಲದಿದ್ದರೆ ಇರುವ ಪ್ರೊಸೆಸರ್‌ನ ವೇಗವನ್ನು ಕಂಪನಿ ಇಟ್ಟ ಮಟ್ಟಕ್ಕಿಂತ ಏರಿಸುತ್ತಾರೆ, ಇದೇ ಓವರ್‌ಕ್ಲಾಕ್. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಳೆಯ ಸರ್ವರ್‌ನ ರೇಡ್ ಕಾರ್ಡ್ ತಂದು ನಾಲ್ಕು ಡಿಸ್ಕ್ ಸಿಕ್ಕಿಸುತ್ತಾರೆ. ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸಿ, ಸಾಮಾನ್ಯವಾಗಿ ಒಂದು ಸತ್ತರೂ ಡೇಟಾ ಉಳಿಯುವಂತೆ ಮಾಡುವ ವ್ಯವಸ್ಥೆಯೇ ರೇಡ್. ಎರಡೂ ಕೆಲಸ ಒಂದೇ ಸಂಜೆ ಮುಗಿಯಬೇಕು! ವಾರ ಕಳೆದ ಮೇಲೆ ಧಾರೆಯ ಫೂಟೇಜ್ ತೆರೆದರೆ ನಡುನಡುವೆ ಹಸಿರು ಚೌಕಗಳು. ‘ರೇಡ್ ಹಾಕಿದ್ದೆನಲ್ಲ ಸಾರ್’ ಎನ್ನುತ್ತಾರೆ.

ರೇಡ್ ಕಾಯುವುದು ಡಿಸ್ಕ್ ಸತ್ತಾಗ ಮಾತ್ರ. ಮೆಮೊರಿಯಲ್ಲಿ ಒಂದು ಬಿಟ್ ತಿರುಗಿ ಬಿದ್ದರೆ, ಆ ತಪ್ಪನ್ನೇ ಜೋಡಿಯ ಎರಡೂ ಡಿಸ್ಕ್‌ಗಳಿಗೆ ಅಚ್ಚುಕಟ್ಟಾಗಿ ಬರೆಯುತ್ತದೆ. ಆದ್ದರಿಂದ ಕೆಲಸದ ಕ್ರಮ ಬಹಳ ಮುಖ್ಯ.

ಮೊದಲನೆಯದು: ಡಿಸ್ಕ್‌ಗಳ ಕೇಬಲ್ ಬಿಚ್ಚಿಡಿ. ವೇಗ ಏರಿಸುವ ಪ್ರಯೋಗವೆಲ್ಲ ಹೋದರೂ ಚಿಂತೆಯಿಲ್ಲದ ಒಂದು ಹಳೆಯ ಎಸ್‌ಎಸ್‌ಡಿಯ ಮೇಲೆ ನಡೆಯಲಿ.

ಎರಡನೆಯದು: ಗುಣಕ ಏರಿಸಿ, ಮೂಲ ಗಡಿಯಾರ ಮುಟ್ಟಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರೊಸೆಸರ್ ವೇಗ ಎಂದರೆ ಬೇಸ್ ಕ್ಲಾಕ್ (ಮೂಲ ಗಡಿಯಾರ) ಗುಣಿಸು ಮಲ್ಟಿಪ್ಲೈಯರ್ (ಗುಣಕ). ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 45 ಆದರೆ ವೇಗ 4.5 ಗಿಗಾಹರ್ಟ್ಸ್. 2011ರ ಇಂಟೆಲ್ ಎರಡನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡ್ ಕೂರುವ ಸ್ಲಾಟ್), ಸಾಟಾ (ಡಿಸ್ಕ್ ಜೋಡಿಸುವ ದಾರಿ) ಎರಡೂ ಅದೇ ಬೇಸ್ ಕ್ಲಾಕ್‌ಗೆ ಕಟ್ಟುಬಿದ್ದಿದ್ದವು. 100 ಇದ್ದದ್ದನ್ನು 107 ಮಾಡಿದರೆ ರೇಡ್ ಕಾರ್ಡ್ ಕೂತ ಸ್ಲಾಟ್ ಕೂಡ ಅಷ್ಟೇ ಪಾಲು ಹೆಚ್ಚು ವೇಗದಲ್ಲಿ ಓಡುತ್ತದೆ. ಕಾರ್ಡ್ ಕಾಣೆಯಾಗುವುದು, ಡಿಸ್ಕ್ ಉದುರುವುದು ಆಗ ಶುರು. 2015ರ ಆರನೇ ತಲೆಮಾರಿನಿಂದ ಇಂಟೆಲ್ ಈ ಗಂಟು ಬಿಡಿಸಿತು. ಎಎಂಡಿಯ ಕೆಲವು ಬೋರ್ಡ್‌ಗಳಲ್ಲಿ ಅದು ಇನ್ನೂ ಇದೆ. ಯಾವ ಬೋರ್ಡ್‌ನಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಹುಡುಕುತ್ತಾ ಕೂರುವ ಬದಲು ಬೇಸ್ ಕ್ಲಾಕನ್ನು 100ರಲ್ಲೇ ಬಿಡಿ. ಮಲ್ಟಿಪ್ಲೈಯರ್ ಲಾಕ್ ಆಗಿರುವ ಪ್ರೊಸೆಸರ್ ನಿಮ್ಮದಾದರೆ ಓವರ್‌ಕ್ಲಾಕ್ ಆಸೆಯನ್ನೇ ಬಿಡಿ.

ಇನ್ನು ಮೆಮೊರಿ. ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್, ಆನ್ ಮಾಡುವುದನ್ನು ಯಾರೂ ಓವರ್‌ಕ್ಲಾಕ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೂ ಓವರ್‌ಕ್ಲಾಕೇ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಉಚಿತವಾಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಪರದೆಯ ಮೇಲೆ ಒಂದೇ ಒಂದು ಕೆಂಪು ಸಾಲು ಕಂಡರೂ ಮೆಮೊರಿ ವೇಗ ಒಂದು ಮೆಟ್ಟಿಲು ಇಳಿಸಿ ಮತ್ತೆ ಮೊದಲಿನಿಂದ. ‘ಒಂದೇ ಎರರ್ ತಾನೆ’ ಎನ್ನಬೇಡಿ. ಆಮೇಲೆ ಪ್ರೊಸೆಸರ್, ಮೆಮೊರಿ ಎರಡನ್ನೂ ದಣಿಸುವ ಪ್ರೈಮ್95ರ ಬ್ಲೆಂಡ್ ಪರೀಕ್ಷೆ, ಅದೂ ಮಧ್ಯಾಹ್ನದ ಹೊತ್ತು. ಏಪ್ರಿಲ್‌ನ ಮಂಡ್ಯದಲ್ಲಿ ಬೆಳಗಿನ ಜಾವ ಪಾಸಾದ ಯಂತ್ರ ಮೂರು ಗಂಟೆಯ ಬಿಸಿಲಿಗೆ ಕೈಕೊಡುವುದುಂಟು. ಎಡಿಟಿಂಗ್ ಸಾಫ್ಟ್‌ವೇರ್ ಹತ್ತು ನಿಮಿಷ ಓಡಿತು, ಸಾಕು ಎನ್ನುವುದು ಪರೀಕ್ಷೆಯಲ್ಲ.

ಮೂರನೆಯದು: ಕಾರ್ಡ್ ಕೂರಿಸುವುದು. ಎಂಟು ಲೇನ್‌ನ (ಡೇಟಾ ಹರಿಯುವ ದಾರಿಯ) ಕಾರ್ಡ್ ಆದರೆ ಎರಡನೇ ಉದ್ದ ಸ್ಲಾಟ್‌ಗೆ ಹಾಕಿ, ಆ ಸ್ಲಾಟ್‌ಗೆ ನಿಜಕ್ಕೂ ಎಷ್ಟು ಲೇನ್ ಬರುತ್ತದೆಂದು ಬೋರ್ಡ್‌ನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಡಿಸ್ಕ್ ಜೋಡಿಸಲು ಒಂದು ಕನೆಕ್ಟರ್‌ನಿಂದ ನಾಲ್ಕು ಸಾಟಾ ಕವಲೊಡೆಯುವ ಕೇಬಲ್ ಬೇಕು. ಅದರಲ್ಲಿ ಫಾರ್ವರ್ಡ್, ರಿವರ್ಸ್ ಎಂದು ಎರಡು ಬಗೆ ಇವೆ, ನೋಡಲು ಎರಡೂ ಒಂದೇ ಥರ. ನಿಮಗೆ ಬೇಕಾದ್ದು ಫಾರ್ವರ್ಡ್.

ಈ ಕಾರ್ಡ್‌ಗಳು ಹುಟ್ಟಿದ್ದು ಗಾಳಿ ಭೋರೆನ್ನುವ ಸರ್ವರ್ ಪೆಟ್ಟಿಗೆಗೆ. ನಮ್ಮ ಕ್ಯಾಬಿನೆಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಉಸಿರಿನ ಪಕ್ಕದಲ್ಲೇ ಕೂತರೆ ಹೀಟ್‌ಸಿಂಕ್ ಮೇಲೆ ಬೆರಳಿಡಲು ಆಗುವುದಿಲ್ಲ. 40 ಮಿಲಿಮೀಟರ್‌ನ ಸಣ್ಣ ಫ್ಯಾನ್ ಒಂದನ್ನು ಹೀಟ್‌ಸಿಂಕ್‌ಗೆ ಜಿಪ್ ಟೈನಲ್ಲಿ ಬಿಗಿದರೆ ಸಾಕು. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಪವರ್‌ಗೆ ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಗೆ ತಿರುಗಿಸುವ ಅಡಾಪ್ಟರ್ ಬಳಸುವುದಾದರೆ, ತಂತಿಗಳ ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಬಗೆಯನ್ನು ಮನೆಯೊಳಗೆ ತರಬೇಡಿ. ಒಳಗೆ ಶಾರ್ಟ್ ಆಗಿ ಕರಗುವ, ಹೊತ್ತಿಕೊಳ್ಳುವ ಸಾಮಾನು ಅದು. ‘ರೇಡ್’ ಎಂದು ಬರೆದು ಅಗ್ಗಕ್ಕೆ ಮಾರುವ ಪುಟ್ಟ ಕಾರ್ಡ್‌ಗಳೂ ಬೇಡ. ಅವುಗಳಲ್ಲಿ ಲೆಕ್ಕ ಮಾಡುವ ಚಿಪ್ ಇರುವುದಿಲ್ಲ, ಎಲ್ಲ ಕೆಲಸವೂ ನೀವು ವೇಗ ಏರಿಸಿದ ಪ್ರೊಸೆಸರ್‌ನ ತಲೆಗೇ ಬರುತ್ತದೆ.

ಡಿಸ್ಕ್ ಆರಿಸುವಾಗ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಬಳಕೆಯವನ್ನೇ ಕೊಳ್ಳಿ. ಓದಲಾಗದ ಜಾಗ ಸಿಕ್ಕಾಗ ಅವು ಏಳು ಸೆಕೆಂಡಿನ ಆಸುಪಾಸಿನಲ್ಲಿ ಕೈಬಿಟ್ಟು ಕಾರ್ಡ್‌ಗೆ ವರದಿ ಮಾಡುತ್ತವೆ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಪಟ್ಟು ಬಿಡದೆ ಬಹಳ ಹೊತ್ತು ಪ್ರಯತ್ನಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ಕಾರ್ಡ್ ಅದು ಸತ್ತಿತೆಂದು ಗುಂಪಿನಿಂದ ಹೊರಹಾಕುತ್ತದೆ. ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ಎಸ್‌ಎಂಆರ್ ತಂತ್ರದ ಡಿಸ್ಕ್ ರೇಡ್‌ಗೆ ಆಗಿಬರುವುದಿಲ್ಲ. ನ್ಯಾಸ್‌ಗೆಂದೇ ಮಾರಿದ ಕೆಲವು ಮಾದರಿಗಳಲ್ಲೂ ಅದು ಸೇರಿಕೊಂಡಿದ್ದು 2020ರಲ್ಲಿ ಬಯಲಾಯಿತು. ಆದ್ದರಿಂದ ಪೆಟ್ಟಿಗೆಯ ಹೆಸರು ನಂಬದೆ ಮಾದರಿ ಸಂಖ್ಯೆ ನೋಡಿ ಕೊಳ್ಳಿ.

ನಾಲ್ಕನೆಯದು: ಅರೇ, ಅಂದರೆ ರೇಡ್ ಡಿಸ್ಕ್‌ಗಳ ಗುಂಪು, ಕಟ್ಟುವುದು. ಓವರ್‌ಕ್ಲಾಕ್ ತೆಗೆದು, ಯಂತ್ರ ಮೂಲ ವೇಗದಲ್ಲಿರುವಾಗ ಕಟ್ಟಿ. ನಾಲ್ಕು ಡಿಸ್ಕ್ ಇದ್ದರೆ ರೇಡ್ 10, ಎರಡಿದ್ದರೆ ರೇಡ್ 1. ಎರಡರಲ್ಲೂ ಪ್ರತಿ ಡಿಸ್ಕ್‌ಗೂ ಅದರ ನಕಲಿರುವ ಜೋಡಿ ಇರುತ್ತದೆ. ಗಿರಾಕಿಯ ಮದುವೆಯನ್ನು ನಕಲೇ ಇಲ್ಲದ ರೇಡ್ 0ರಲ್ಲಿ ಇಡಬೇಡಿ.

ಕಾರ್ಡ್‌ನ ಬ್ಯಾಟರಿ ಸತ್ತಿದ್ದರೆ ರೈಟ್-ಬ್ಯಾಕ್ (ಮೊದಲು ಕಾರ್ಡ್‌ನ ಕ್ಯಾಶ್ ಮೆಮೊರಿಗೆ, ಆಮೇಲೆ ಡಿಸ್ಕ್‌ಗೆ ಬರೆಯುವುದು) ಬೇಡ, ರೈಟ್-ಥ್ರೂ (ಡಿಸ್ಕ್‌ಗೆ ಬರೆದ ಮೇಲಷ್ಟೇ ಮುಗಿಯಿತೆನ್ನುವುದು) ಇಡಿ. ಓವರ್‌ಕ್ಲಾಕ್ ಯಂತ್ರ ನಿಂತಲ್ಲೇ ಜಡವಾದಾಗ ನಾವು ಮಾಡುವುದು ಪವರ್ ಬಟನ್ ಒತ್ತಿ ಹಿಡಿಯುವುದು ತಾನೆ? ಡಿಸ್ಕ್‌ಗೆ ಇನ್ನೂ ಇಳಿಯದೆ ಕಾರ್ಡ್‌ನ ಕ್ಯಾಶ್‌ನಲ್ಲಿದ್ದ ಡೇಟಾ ಅಲ್ಲಿಗೆ ಮುಗಿಯಿತು. ಕರೆಂಟ್ ಹೋದರೂ ಅದೇ ಕಥೆ, ಯುಪಿಎಸ್ ಇರಲೇಬೇಕು. ಮೂಲ ಫೂಟೇಜ್‌ನ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಬೇರೆ ಮನೆಯಲ್ಲಿರಲಿ.

ಮದರ್‌ಬೋರ್ಡ್‌ನ ಒಳಗಿನ ರೇಡ್ ಬಳಸುವವರಿಗೆ ಒಂದು ಎಚ್ಚರಿಕೆ. ಓವರ್‌ಕ್ಲಾಕ್ ಸೋತರೆ ಬಯೋಸ್ (ಬೋರ್ಡ್‌ನ ಸೆಟ್ಟಿಂಗ್ ನೋಡಿಕೊಳ್ಳುವ ತಂತ್ರಾಂಶ) ತಾನಾಗಿಯೇ ಮೂಲ ಸೆಟ್ಟಿಂಗ್‌ಗೆ ಮರಳುವುದುಂಟು. ಆಗ ಸಾಟಾ ಮೋಡ್ ರೇಡ್‌ನಿಂದ ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ನೋಡುವ ಎಎಚ್‌ಸಿಐಗೆ ಹಾರಬಹುದು. ವಿಂಡೋಸ್ ಎದ್ದೇಳದೆ ಇರಬಹುದು. ಎದ್ದರೂ ‘ಡಿಸ್ಕ್ ಇನಿಷಿಯಲೈಸ್ ಮಾಡಲೇ?’, ಅಂದರೆ ಹೊಸ ಡಿಸ್ಕ್‌ನಂತೆ ಸಿದ್ಧಪಡಿಸಲೇ ಎಂದು ಕೇಳಬಹುದು. ಗಾಬರಿಯಲ್ಲಿ ಹೂಂ ಎಂದವರ ಡಿಸ್ಕ್‌ಗಳನ್ನು ಕಣ್ಣಾರೆ ಕಂಡಿದ್ದೇನೆ. ಏನನ್ನೂ ಒತ್ತದೆ ಯಂತ್ರ ಆಫ್ ಮಾಡಿ, ಬಯೋಸ್‌ಗೆ ಹೋಗಿ, ಮೋಡನ್ನು ಮತ್ತೆ ರೇಡ್ ಮಾಡಿ. ಹೆಚ್ಚಿನ ಸಲ ಅರೇ ಹಾಗೇ ಇರುತ್ತದೆ. ಬಿಡಿ ಕಾರ್ಡ್‌ಗೆ ಈ ಕಾಟವಿಲ್ಲ, ಅದರ ಲೆಕ್ಕ ಕಾರ್ಡ್‌ನಲ್ಲೂ ಡಿಸ್ಕ್‌ಗಳಲ್ಲೂ ಇರುತ್ತದೆ. ನಾನು ಕಾರ್ಡ್‌ನ ಪರ ನಿಲ್ಲುವುದಕ್ಕೆ ಇದೇ ಮುಖ್ಯ ಕಾರಣ. ಎಂದಾದರೂ ಕಾರ್ಡ್ ಬದಲಿಸಿದಾಗ ‘ಫಾರಿನ್ ಕಾನ್ಫಿಗರೇಶನ್’ ಎಂದು ಬಂದರೆ ಇಂಪೋರ್ಟ್ ಒತ್ತಿ, ಕ್ಲಿಯರ್ ಅಲ್ಲ.

ಐದನೆಯದು: ಓವರ್‌ಕ್ಲಾಕ್ ಮತ್ತೆ ಹಾಕಿ, ಒಂದು ದೊಡ್ಡ ಫೈಲ್ ನಕಲು ಮಾಡಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸಾಧನದಿಂದ ಮೂಲಕ್ಕೂ ನಕಲಿಗೂ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಅಕ್ಷರಗಳ ಸಾಲು) ತೆಗೆಯಿರಿ. ಎರಡು ಸಾಲೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ವಾಪಸ್ ಎರಡನೇ ಹೆಜ್ಜೆಗೆ.

ಮುಂದೊಂದು ದಿನ ಡಿಸ್ಕ್ ಒಂದು ಸತ್ತು ಕಾರ್ಡ್ ಕಿರುಚತೊಡಗಿದರೆ, ಹೊಸ ಡಿಸ್ಕ್ ಹಾಕುವ ಮುನ್ನ ಯಂತ್ರವನ್ನು ಮೂಲ ವೇಗಕ್ಕೆ ಇಳಿಸಿ. 8 ಟಿಬಿ ಡಿಸ್ಕ್ ತುಂಬಲು ಸೆಕೆಂಡಿಗೆ 180 ಎಂಬಿ ವೇಗದಲ್ಲೂ 12 ಗಂಟೆ ದಾಟುತ್ತದೆ. ಅಷ್ಟು ಹೊತ್ತೂ ಅದರ ಜೋಡಿ ಡಿಸ್ಕ್ ಒಂಟಿಯಾಗಿ ದುಡಿಯುತ್ತಿರುತ್ತದೆ. ಹೀಗೆ ತುಂಬುವ ಕೆಲಸ, ಅಂದರೆ ರೀಬಿಲ್ಡ್, ಮುಗಿಯುವ ತನಕ ರೆಂಡರ್ ಹಾಕಬೇಡಿ.