ಅಂಗಡಿಗೆ ನಿಲ್ಲಿಸದ ಟ್ರಿಪ್: ಪಣಂಬೂರಿನ ಹಡಗಿನಿಂದ ಕುಂಬಳೆಯ ಸುರಂಗದವರೆಗೆ

ಪ್ರವಾಸಿ ಹಡಗಿನಲ್ಲಿ ಬರುವ ವಿದೇಶಿ ಅತಿಥಿಗಳನ್ನು ನನ್ನ ಗಾಡಿಯಲ್ಲಿ ಒಂದು ದಿನದ ಮಟ್ಟಿಗೆ ಊರು ತೋರಿಸಲು ಕರೆತರುತ್ತೇನೆ; ಕಳೆದ ಹಡಗಿನ ಸೀಸನ್ನಿನಲ್ಲಿ ಅಂಥ ಹನ್ನೊಂದೋ ಹನ್ನೆರಡೋ ಟ್ರಿಪ್ ಆಯಿತು. ಎಲ್ಲವೂ ಪಣಂಬೂರಿನ ನವಮಂಗಳೂರು ಬಂದರಿನ ಗೇಟಿನಿಂದ ಹೊರಟು, ಕುಂಬಳೆ ಕಡೆ ಬಂದು, ತಿರುಗಿ ಹೋದದ್ದು. ಒಂದರಲ್ಲೂ ಅಂಗಡಿಗೆ ನಿಲ್ಲಿಸಿಲ್ಲ, ಒಬ್ಬರಿಗೂ ಹಡಗು ತಪ್ಪಿಲ್ಲ. ಶುರು ಮಾಡುವಾಗ ಟ್ಯಾಕ್ಸಿ ಸ್ಟ್ಯಾಂಡಿನವರು ಕೇಳಿದ್ದು ಇಷ್ಟು: “ಗೇರುಬೀಜದ ಅಂಗಡಿಯೂ ಇಲ್ಲ, ಬೇಕಲ ಕೋಟೆಯೂ ಇಲ್ಲ. ಮತ್ತೆ ಎಂತ ತೋರಿಸುದು ಮಾರಾಯ, ಅಡಿಕೆ ಅಂಗಳವಾ?” ಹೌದು, ಅಡಿಕೆ ಅಂಗಳವೇ.

ಮೊದಲು ದುಡ್ಡಿನ ಲೆಕ್ಕ. ಹಡಗಿನೊಳಗೆ ಮಾರುವ ಟೂರಿಗೆ ತಲೆಗೆ 70ರಿಂದ 100 ಡಾಲರ್ ತೆತ್ತ ರಸೀದಿಗಳನ್ನು ಅತಿಥಿಗಳೇ ತೋರಿಸಿದ್ದುಂಟು. ಅದರಲ್ಲಿ ಬಸ್ಸು ತುಂಬ ಜನ, ಎರಡು ದೇವಸ್ಥಾನ, ಆಮೇಲೆ ಅಂಗಡಿ. ಅಂಥ ಟೂರಿಗೆ ಏಜೆಂಟರ ಕೈಕೆಳಗೆ ಗಾಡಿ ಓಡಿಸಿದರೆ ನಮಗೆ ಸಿಗುವುದು ಮೂರು ಸಾವಿರ, ಮೇಲೆ ಅಂಗಡಿಯವರ ಕಮಿಷನ್ ಒಂದೂವರೆ, ಬಹಳವೆಂದರೆ ಎರಡು ಸಾವಿರ. ಅತಿಥಿ ಏನೂ ಕೊಳ್ಳದಿದ್ದರೆ ಅದೂ ಇಲ್ಲ. ನನ್ನ ದರ ನಾಲ್ವರಿಗೆ ಒಟ್ಟು 120 ಡಾಲರ್, ಇನ್ನೋವಾ. ಹೋಗಿಬರಲು ನೂರಹತ್ತು ಕಿಲೋಮೀಟರ್ ಆಸುಪಾಸು, ಡೀಸೆಲ್ ಸಾವಿರದ ಹತ್ತಿರ. ಊಟ ಕೊಡುವ ಮನೆಯವರಿಗೆ ತಲೆಗೆ 400. ತಲಪಾಡಿ ಟೋಲ್, ನೀರಿನ ಬಾಟಲಿ, ಚಿಲ್ಲರೆ ಖರ್ಚು ಸೇರಿಸಿ ಕಳೆದರೂ ಆರು ಸಾವಿರ ಕೈಯಲ್ಲಿ ಉಳಿಯುತ್ತದೆ. ಕಮಿಷನ್ ಬಿಟ್ಟರೆ ಹೊಟ್ಟೆಗಿಲ್ಲ ಅಂದವರು ಈಗ ಈ ಲೆಕ್ಕವನ್ನೇ ಕೇಳಲಿಕ್ಕೆ ಬರುತ್ತಾರೆ.

ಮೊದಲ ಸೀಸನ್ ಕೆಡಿಸಿದ್ದು ಬೇಕಲ. ಕೋಟೆಯಲ್ಲಿ ಏನೂ ಕೊರತೆಯಿಲ್ಲ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ನಲವತ್ತು ಎಕರೆ, ಮೂರು ಕಡೆ ಕಡಲು. ಆದರೆ ಬಂದರಿನಿಂದ ಎಪ್ಪತ್ತೈದು ಕಿಲೋಮೀಟರ್. ಕೂಳೂರು ಸೇತುವೆ, ನಂತೂರು, ಪಂಪ್‌ವೆಲ್, ತೊಕ್ಕೊಟ್ಟು, ಇಷ್ಟರಲ್ಲಿ ಯಾವುದಾದರೊಂದು ಕಡೆ ಗಾಡಿ ನಿಂತೇ ನಿಲ್ಲುತ್ತದೆ. ಕೋಟೆಯ ಮೇಲೆ ಹನ್ನೆರಡರ ಬಿಸಿಲು, ನೆರಳಿಲ್ಲ, ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ದಾರಿಯಲ್ಲಿ ನಾಲ್ಕು ಗಂಟೆ, ಕೋಟೆಯಲ್ಲಿ ಐವತ್ತು ನಿಮಿಷ. ಬೇಕಲ ಕೈಬಿಟ್ಟ ಮೇಲೆಯೇ ಟ್ರಿಪ್ ನೆಟ್ಟಗಾದದ್ದು. ಹೆಸರು ಕೇಳಿ ಬಂದವರಿಗೆ ಈ ಲೆಕ್ಕವನ್ನೇ ಬರೆದು ಕಳಿಸಿ, ಬೇಡವೆಂದರೆ ಬೇಡ ಎನ್ನುತ್ತೇನೆ.

ಸಮಯವನ್ನು ಹಿಂದಿನಿಂದ ಎಣಿಸಬೇಕು. ಹಡಗಿನ ಟೂರು ತಡವಾದರೆ ಹಡಗು ಕಾಯುತ್ತದೆ, ನಮ್ಮ ಗಾಡಿ ತಡವಾದರೆ ಕಾಯುವುದಿಲ್ಲ. ಅತಿಥಿಗಳನ್ನು ಹೆದರಿಸಲು ಹಡಗಿನವರು ಬಳಸುವ ಮಾತು ಇದೊಂದೇ, ಮತ್ತು ಅದು ಸತ್ಯ. ಹಡಗು ಹೊರಡುವ ಹೊತ್ತು ನಮಗೆ ಬೇಡ, ಎಲ್ಲರೂ ಹಡಗು ಹತ್ತಿರಬೇಕಾದ ಹೊತ್ತು ಬೇಕು. ಅದಕ್ಕಿಂತ ಎರಡು ಗಂಟೆ ಮೊದಲು ನಾನು ಗೇಟಿನಲ್ಲಿ. ನಾಲ್ಕೂವರೆಗೆ ಹತ್ತಬೇಕೆಂದರೆ ಎರಡೂವರೆಗೆ ಗೇಟು, ಒಂದಕ್ಕೆ ಊಟದ ಮನೆಯಿಂದ ಹೊರಡುವುದು.

ಇಲ್ಲಿ ಒಂದು ಗುಂಡಿ ಉಂಟು. ಹಡಗಿನ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ಇರಬೇಕೆಂದಿಲ್ಲ. ನಮ್ಮದು ಅರ್ಧ ಗಂಟೆಯ ಲೆಕ್ಕದ ದೇಶ. ಪೂರ್ವದಿಂದ ಬರುವ ಹಡಗು ಅರ್ಧ ಗಂಟೆ ಮುಂದೆಯೇ ಇಟ್ಟುಕೊಂಡಿದ್ದರೆ ಅವರ ನಾಲ್ಕೂವರೆ ಅಂದರೆ ನಮ್ಮ ನಾಲ್ಕು. ಮಾಲ್ಡೀವ್ಸ್ ಸಮಯದಲ್ಲಿಯೇ ಬಂದ ಹಡಗಾದರೆ ಅರ್ಧ ಗಂಟೆ ಹಿಂದೆ. ಅತಿಥಿಯ ಮೊಬೈಲು ನಮ್ಮ ಸಮಯ ತೋರಿಸುತ್ತದೆ, ಕೈಗಡಿಯಾರ ಹಡಗಿನದ್ದು. ಬಾಯಿಮಾತಿಗೆ ಒಪ್ಪಬೇಡಿ. ಹಡಗಿನಲ್ಲಿ ದಿನಾ ಹಂಚುವ ಹಾಳೆಯಲ್ಲಿ ಸಮಯ ಮುದ್ರಿಸಿರುತ್ತದೆ, ಬಂದರಿನ ಏಜೆಂಟರ ಫೋನ್ ನಂಬರೂ ಇರುತ್ತದೆ. ಅತಿಥಿ ಗಾಡಿ ಹತ್ತಿದ ಕೂಡಲೇ ಅದರ ಫೋಟೋ ತೆಗೆದು, ಇಬ್ಬರೂ ಒಂದೇ ಗಡಿಯಾರಕ್ಕೆ ಹೊಂದಿಸಿಕೊಂಡು, ಆಮೇಲೆ ಗೇರ್ ಹಾಕುವುದು.

ಬೆಳಗ್ಗೆ ಇಮಿಗ್ರೇಶನ್ ಮುಗಿಸಿ ಹೊರಬರಲಿಕ್ಕೆ ಎಷ್ಟು ಹೊತ್ತು ಬೇಕೆಂದು ಯಾರೂ ಹೇಳಲಾರರು. ಎಂಟಕ್ಕೆ ಅಂದವರು ಒಂಬತ್ತೂವರೆಗೆ ಬಂದದ್ದುಂಟು. ಗೇಟಿನೊಳಗೆ ಗಾಡಿ ಬಿಡುತ್ತಾರೆ ಎಂಬ ಲೆಕ್ಕವೇ ಬೇಡ. ಹೊರಗೆ ಒಂದು ಜಾಗ ಗೊತ್ತುಮಾಡಿ, ಅದರ ಫೋಟೋವನ್ನೂ ಗಾಡಿಯ ನಂಬರನ್ನೂ ಮೊದಲೇ ಕಳಿಸಿಬಿಡಿ. ನನ್ನ ಗಾಡಿಯ ಕಾಸರಗೋಡು ನಂಬರು ಕೆಎಲ್-14 ನೋಡಿ ಅಲ್ಲಿಯ ಕೆಲವು ಚಾಲಕರು ತಕರಾರು ತೆಗೆದದ್ದೂ ಉಂಟು. ಮೊದಲೇ ಗೊತ್ತುಮಾಡಿದ ಟ್ರಿಪ್ ಎಂದು ಇಮೇಲ್ ತೋರಿಸಿದರೆ ತಣ್ಣಗಾಗುತ್ತಾರೆ, ಒಂದು ಚಹಾ ಕುಡಿಸಿದರೆ ಇನ್ನೂ ಬೇಗ.

ಹಡಗು ಬರುವುದೇ ಇಲ್ಲ ಎಂಬುದೂ ಆಗುತ್ತದೆ. ಹವಾಮಾನ, ಯಂತ್ರ, ಏನಾದರೊಂದು. ಎರಡು ಸಲ ಹಾಗಾಗಿ ಮಾಡಿದ ಅಡಿಗೆಯೆಲ್ಲ ನನ್ನ ಲೆಕ್ಕಕ್ಕೆ ಬಿತ್ತು. ಈಗ ಹಿಂದಿನ ರಾತ್ರಿಯೂ ಬೆಳಗ್ಗೆ ಐದಕ್ಕೂ ಹಡಗು ಎಲ್ಲಿದೆ ಎಂದು ತೋರಿಸುವ ಆ್ಯಪ್ ನೋಡುತ್ತೇನೆ. ಅದು ಪಣಂಬೂರಿನ ಎದುರಿಗೆ ಬಂದ ಮೇಲೆಯೇ ಅಕ್ಕಿ ನೆನೆಹಾಕಲು ಫೋನ್. ಮುಂಗಡ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ವಾಪಸು ಕಳಿಸುವ ತಲೆನೋವೇ ದೊಡ್ಡದು.

ಮೊದಲ ನಿಲುಗಡೆ ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನ, ಮಧ್ಯಾಹ್ನ ನಡೆ ಮುಚ್ಚುವ ಮೊದಲು. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಎಂಬ ನಂಬಿಕೆ, ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ನಡುವೆ ಕೆರೆ, ಕೆರೆಯ ನಡುವೆ ಗುಡಿ. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಕಣ್ಣೇ ನೋಡುತ್ತದೆ. ಮೊಸಳೆ ತೋರಿಸುತ್ತೇನೆಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರಲ್ಲಿ ತೀರಿಹೋಯಿತು. ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು, ಆದರೆ ಅದು ನಮ್ಮ ಟೈಮ್‌ಟೇಬಲ್ ಕೇಳುವುದಿಲ್ಲ. ಹತ್ತೂವರೆ ಕಳೆದರೆ ಕಲ್ಲು ಕಾಯುತ್ತದೆ, ಬರಿಗಾಲಲ್ಲಿ ನಡೆದು ಅಭ್ಯಾಸವಿಲ್ಲದವರು ಕುಣಿಯುತ್ತಾರೆ. ಗಾಡಿಯಲ್ಲಿ ದಪ್ಪ ಕಾಲುಚೀಲ ಆರು ಜೊತೆ ಇಟ್ಟಿದ್ದೇನೆ, ಹೊರಗಿನ ದಾರಿಯಲ್ಲಿ ಹಾಕಿಕೊಳ್ಳಲಿಕ್ಕೆ.

ಟ್ರಿಪ್ಪಿನ ಜೀವ ಇರುವುದು ಸುರಂಗದಲ್ಲಿ. ಗುಡ್ಡದ ಬದಿಯ ಮುರಕಲ್ಲನ್ನು ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆದು ನೀರು ತಂದದ್ದನ್ನು ನೋಡಿದವರು ಅತಿಥಿಗಳ ಕಡೆ ಯಾರಿದ್ದಾರೆ? ಅಗಲ ಎರಡು ಅಡಿ, ಎತ್ತರ ಆಳುದ್ದ. ಒಳಗೆ ಹತ್ತು ಹೆಜ್ಜೆ ಹೋದರೆ ಹೊರಗಿನ ಬಿಸಿಲು ಸುಳ್ಳು. ಟಾರ್ಚ್ ಹಾಯಿಸಿದರೆ ಗೋಡೆಯ ಮೇಲೆ ಪಿಕ್ಕಾಸಿನ ಗುರುತು ಓರೆಯಾಗಿ ಸಾಲುಸಾಲು ಕಾಣುತ್ತದೆ, ಕಾಲಬುಡದಲ್ಲಿ ಗಿಣ್ಣು ಮುಳುಗುವಷ್ಟು ತಣ್ಣೀರು. ಕೊರೆಯುವವರು ಗಾಳಿ ಉಂಟೋ ಇಲ್ಲವೋ ನೋಡಲಿಕ್ಕೆ ಮೇಣದ ಬತ್ತಿ ಉರಿಸಿಕೊಂಡು ಹೋಗುತ್ತಿದ್ದರು ಎಂದು ಹೇಳಿ, ಒಂದು ಬತ್ತಿ ಅವರ ಕೈಗೇ ಕೊಡಿ. ಆ ಹೊತ್ತಿನ ಮುಖ ನೋಡಬೇಕು! ನಿಯಮ ಮೂರು: ಒಮ್ಮೆಗೆ ಒಬ್ಬರು, ಹತ್ತೇ ಹೆಜ್ಜೆ, ಬೆನ್ನುಚೀಲ ಹೊರಗೆ. ದಪ್ಪ ದೇಹದ ಒಬ್ಬರು ತಿರುಗಲಾಗದೆ ಹಿಮ್ಮುಖವಾಗಿ ಬಂದ ಮೇಲೆ ಮಾಡಿದ ನಿಯಮ ಇದು. ಯಾವ ಮನೆಯ ಸುರಂಗ ಎಂದು ಕೇಳಬೇಡಿ. ಈ ಕಡೆಯವರಾದರೆ ನಿಮ್ಮ ಊರಲ್ಲಿಯೂ ಉಂಟು, ಹುಡುಕಿಕೊಳ್ಳಿ.

ಅದೇ ಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಹಡಗಿನ ಸೀಸನ್ನೂ ಅಡಿಕೆಯ ಸೀಸನ್ನೂ ಒಂದೇ ಆದದ್ದು ನಮ್ಮ ಪುಣ್ಯ. ಶುರುವಿನಲ್ಲಿ ಊಟಕ್ಕೆ ಬಾಳೆಲೆ ತುಂಬ ಹತ್ತು ಬಗೆ ಬಡಿಸಿ ನೋಡಿದೆ, ಅರ್ಧ ಎಲೆಯಲ್ಲೇ ಉಳಿಯಿತು. ಈಗ ಬಿಸಿ ನೀರುದೋಸೆ, ಕಾಯಿ ಬೆಲ್ಲ, ಖಾರವಿಲ್ಲದ ಒಂದು ಪಲ್ಯ, ಬಾಳೆಹಣ್ಣು. ನೀರು ಸೀಲ್ ಒಡೆಯದ ಬಾಟಲಿಯದ್ದೇ. ಮಜ್ಜಿಗೆ ಕೊಡಬೇಡಿ, ಎಷ್ಟು ಕೇಳಿದರೂ. ಕೂರುವ ಕಮೋಡ್ ಇಲ್ಲದ ಮನೆ ಎಷ್ಟು ಚಂದವಿದ್ದರೂ ಬೇಡ.

ರೈಲಿನ ಪ್ರಯೋಗವನ್ನೂ ಮಾಡಿದ್ದೇನೆ. ಬರುವಾಗ ಮಂಗಳೂರು ಸೆಂಟ್ರಲ್‌ನಿಂದ ಕುಂಬಳೆಗೆ ಪ್ಯಾಸೆಂಜರ್, ಎಲ್ಲರಿಗೂ ಖುಷಿ. ಹೋಗುವಾಗ ರೈಲು ನೇತ್ರಾವತಿ ಸೇತುವೆಯ ಆಚೆ ಸಿಗ್ನಲ್ಲಿಗೆ ನಿಂತದ್ದು ನಿಂತೇ ಇತ್ತು, ನನ್ನ ಬೆವರು ಕಾಲಿನವರೆಗೆ ಇಳಿಯಿತು. ಇನ್ನು ರೈಲು ಬರುವಾಗ ಮಾತ್ರ, ವಾಪಸಿಗೆ ಗಾಡಿ. ಯಕ್ಷಗಾನದ ವೇಷಧಾರಿಯೊಬ್ಬರನ್ನು ಕರೆಸಿದ್ದೂ ಉಂಟು. ಅತಿಥಿಗಳು ಕುಣಿತಕ್ಕಿಂತ ಮುಖಕ್ಕೆ ಬಿಳಿ ಚುಕ್ಕಿಗಳ ಚಿಟ್ಟಿ ಇಡುವುದನ್ನೇ ನೋಡುತ್ತಾ ಕೂತರು, ಅಕ್ಕಿಹಿಟ್ಟು ಸುಣ್ಣದ ಹದ ಏನೆಂದು ಕೇಳಿದ್ದೇ ಕೇಳಿದ್ದು. ಪೂರ್ತಿ ಬಣ್ಣಕ್ಕೆ ಮೂರು ಗಂಟೆ ಬೇಕು, ಅರ್ಧ ಮುಖಕ್ಕೆ ಒಪ್ಪಿಸಿದರೆ ನಲವತ್ತು ನಿಮಿಷ. ಕಲಾವಿದರಿಗೆ 1,500 ಕೊಟ್ಟೆ. ಐದು ಜನವಾದರೂ ಇಲ್ಲದಿದ್ದರೆ ಗಿಟ್ಟುವುದಿಲ್ಲ.

ಅಂಗಡಿ ಇಲ್ಲವೆಂದರೂ ಏನಾದರೂ ಕೊಳ್ಳುತ್ತೇವೆ ಎಂದು ಅವರೇ ಕೇಳುತ್ತಾರೆ. ಅದಕ್ಕೆ ಅಡಿಕೆ ಹಾಳೆಯಿಂದ ಮಾಡಿದ ಹಾಳೆಟೊಪ್ಪಿ, ತಲೆಗೊಂದು, ನನ್ನ ಲೆಕ್ಕದಲ್ಲಿ. ಟೊಪ್ಪಿ ಹಾಕಿಕೊಂಡು ಅವರು ಹಡಗು ಹತ್ತುವುದೇ ನನಗೆ ಜಾಹೀರಾತು. ಮೊದಲ ಗಿರಾಕಿ ಹೇಗೆ ಸಿಕ್ಕರು, ಯಾವ ಇಮೇಲಿಗೆ ಏನು ಉತ್ತರ ಬರೆಯುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ದುಡ್ಡು ಪಡೆಯುವಾಗ ನೋಟು ತಿರುಗಿಸಿ ನೋಡಿ. ಪೆನ್ನಿನ ಗುರುತು, ಸಣ್ಣ ಹರುಕು ಇದ್ದರೆ ಕಾಸರಗೋಡಿನ ಮನಿ ಚೇಂಜಿನವರು ಮುಟ್ಟುವುದಿಲ್ಲ, ಇಲ್ಲವೇ ರೇಟು ಇಳಿಸುತ್ತಾರೆ. ಟಿಪ್ಸ್ ಎಂದು ಯೂರೋ ನಾಣ್ಯ ಕೊಟ್ಟರೆ ನಕ್ಕು ತೆಗೆದುಕೊಳ್ಳಿ. ಅವನ್ನು ಇಲ್ಲಿ ಯಾರೂ ಬದಲಿಸಿ ಕೊಡುವುದಿಲ್ಲ. ಮುಂದಿನ ಟ್ರಿಪ್ಪಿನಲ್ಲಿ ಜರ್ಮನಿಯವರೋ ಇಟಲಿಯವರೋ ಸಿಕ್ಕಿದರೆ ಹತ್ತು ನಾಣ್ಯಕ್ಕೆ ಒಂದು ನೋಟು ಕೇಳುತ್ತೇನೆ. ನನ್ನ ಡ್ಯಾಶ್‌ಬೋರ್ಡಿನಲ್ಲಿ ಇನ್ನೂ ಹದಿನಾಲ್ಕು ಯೂರೋ ಉಂಟು.