ನಮ್ಮ ಠಾಣೆಯ ಪಹಣಿ ಎಲ್ಲಿದೆ?

ಬದು ಒತ್ತಿದ, ಬೇಲಿ ಕಿತ್ತ, ಬಾಂದು ಕಲ್ಲು ಸರಿಸಿದ. ನಮ್ಮ ಕಡೆ ಠಾಣೆಗೆ ಬರುವ ಜಗಳಗಳಲ್ಲಿ ಇಂಥವೇ ಜಾಸ್ತಿ. ಬಂದವರಿಗೆ ನಾವು ಮೊದಲು ಕೇಳುವುದು ಒಂದೇ ಮಾತು: 'ಪಹಣಿ ತಂದೀರೇನು? ನಕ್ಷೆ ಎಲ್ಲಿ?'

ಒಂದು ದಿನ ಆ ಮಾತನ್ನು ನಮಗೇ ಕೇಳಿದರು. ಯಾದಗಿರಿ ಸೀಮೆಯಲ್ಲಿ, ಭೀಮಾ ದಂಡೆಯ ಒಂದು ಠಾಣೆ. ಹೆಸರು ಬೇಡ. ಅದರ ಹಿಂದುಗಡೆಯ ಹಳೇ ವಸತಿ ಗೃಹ ಕೆಡವಿ ಹೊಸದು ಕಟ್ಟುವ ಮಾತು ನಡೆದಿತ್ತು. ಜಾಗ ನೋಡಲು ಬಂದ ಎಂಜಿನಿಯರು ಕೇಳಿದ್ದು ಮೂರೇ ಕಾಗದ: ಪಹಣಿ, ಅಳತೆ ನಕ್ಷೆ, ಜಾಗ ಮಂಜೂರಾದ ಆದೇಶ. ಠಾಣೆಯ ಬರವಣಿಗೆ ನೋಡುವ ರೈಟರ್ ಕಪಾಟು ತೆಗೆದು ಅರ್ಧ ಗಂಟೆ ಹುಡುಕಿದ. ಕೊನೆಗೆ ಕರೆಂಟ್ ಬಿಲ್ಲಿನ ಒಂದು ಕಟ್ಟು ತಂದಿಟ್ಟ. 'ಇಷ್ಟೇ ಅದ ನೋಡ್ರಿ ಸರ್.'

ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ನಾನು ಸಿವಿಲ್ ಡಿಪ್ಲೊಮಾ ಮುಗಿಸಿದ್ದೆ. ಅದು ಸಾಹೇಬರಿಗೆ ನೆನಪಾಯಿತು. ಮರುವಾರದಿಂದ ಆ ಠಾಣೆಯಷ್ಟೇ ಅಲ್ಲ, ಸುತ್ತಲಿನ ಠಾಣೆ, ಹೊರಠಾಣೆ, ವಸತಿ ಗೃಹ, ಖಾಲಿ ನಿವೇಶನ, ಎಲ್ಲದರ ಕಾಗದ ಕೂಡಿಸಿ ನಕ್ಷೆ ಮಾಡಿಸುವ ಕೆಲಸ ನನ್ನ ತಲೆಗೆ ಬಂತು.

ಸರ್ಕಾರದ ಜಾಗ ಅಂದರೆ ಹೊರಗಿನವರಿಗೆ ಎಲ್ಲಾ ಒಂದೇ. ಒಳಗೆ ಹಾಗಿಲ್ಲ. ಜಾಗ ಇರುವುದು ಕಂದಾಯದವರ ಲೆಕ್ಕದಲ್ಲಿ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಹಿಡಿದು ಜಿಲ್ಲಾಧಿಕಾರಿಗಳು ಅದನ್ನು ಠಾಣೆಗೆ ಅಂತ ಕಾಯ್ದಿರಿಸಬೇಕು. ಆಮೇಲೆ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ ಆಗಬೇಕು, ಪಹಣಿಯ 9ನೇ ಕಾಲಂನಲ್ಲಿ ಇಲಾಖೆಯ ಹೆಸರು ಕೂರಬೇಕು. ಎಷ್ಟೋ ಕಡೆ ಆದೇಶ ಆಗಿರುತ್ತದೆ, ಕಟ್ಟಡವೂ ಎದ್ದಿರುತ್ತದೆ, ಪಹಣಿ ಮಾತ್ರ ಇನ್ನೂ 'ಸರ್ಕಾರಿ ಖಾರಿಜ್ ಖಾತಾ', ಅಂದರೆ ಬರೀ ಸರ್ಕಾರದ ಜಾಗ ಅಂತಲೇ ಹೇಳುತ್ತಿರುತ್ತದೆ. ಹೊರಠಾಣೆಗಳದು ಇನ್ನೊಂದು ಕಥೆ. ಊರ ಗೌಡರು ಯಾವಾಗಲೋ 'ಕಟ್ಕೋರಿ' ಅಂತ ಬಾಯಿಮಾತಲ್ಲಿ ಕೊಟ್ಟ ಜಾಗ ಅವು. ಈಗ ಮೊಮ್ಮಗ ಬಂದು ಕಾಗದ ಕೇಳುತ್ತಾನೆ. ಸ್ಥಿರಾಸ್ತಿಯ ದಾನಪತ್ರ ನೋಂದಣಿ ಆಗದಿದ್ದರೆ ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ ಅನ್ನುವುದು ಅವನಿಗೂ ಗೊತ್ತು.

ಮೊದಲು ಒಂದು ದಪ್ಪ ರಿಜಿಸ್ಟರ್ ಮಾಡಿದೆ. ಒಂದು ಜಾಗಕ್ಕೆ ಎರಡು ಪುಟ. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಆದೇಶದ ನಂಬರು, ಕಟ್ಟಿದ ವರ್ಷ, ಒತ್ತುವರಿ ಇದೆಯೋ ಇಲ್ಲವೋ. ಜೊತೆಗೆ ಕರೆಂಟಿನ ಆರ್‌ಆರ್ ನಂಬರು. ಇದನ್ನು ನೋಡಿ ನಕ್ಕವರಿದ್ದಾರೆ. ಆದರೆ ಬೇರೆ ಯಾವ ಕಾಗದವೂ ಇಲ್ಲದ ಕಡೆ, ಇಂತಿಷ್ಟು ವರ್ಷದಿಂದ ಠಾಣೆ ಇಲ್ಲೇ ಇದೆ ಅಂತ ತೋರಿಸಲು ಕೈಗೆ ಸಿಕ್ಕಿದ್ದು ಅದೊಂದೇ. ರೈಟರ್ ಸುಮ್ನೆ ಬಿಲ್ಲಿನ ಕಟ್ಟು ತಂದಿರಲಿಲ್ಲ ಅಂತ ಆಮೇಲೆ ಅನಿಸಿತು.

ಹಳೇ ಕಾಗದ ಹುಡುಕಲು ಕಲಬುರಗಿಗೆ ಹೋಗಲೇಬೇಕು. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಡಿಸೆಂಬರಿನಲ್ಲಿ. ಅದಕ್ಕೂ ಹಿಂದಿನ ಆದೇಶಗಳೆಲ್ಲ ಆಗಿದ್ದು ಅಲ್ಲಿಂದಲೇ. ಅದಕ್ಕೂ ಹಿಂದೆ, ಅಂದರೆ 1948ಕ್ಕಿಂತ ಮೊದಲು, ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಆಗಿನ ಸೇತ್ವಾರ್, ಅಂದರೆ ಜಮೀನಿನ ಮೂಲ ದಾಖಲೆ, ಇರುವುದು ಉರ್ದುವಿನಲ್ಲಿ. ನಮಗೆ ಬೇಕಾದ ಹಾಳೆಯ ನಕಲು ಸಿಕ್ಕಿತು, ಓದಲು ಬರಲಿಲ್ಲ. ನಿವೃತ್ತ ಉರ್ದು ಮಾಸ್ತರರೊಬ್ಬರ ಮನೆಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಒರೆಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಬಲದಿಂದ ಎಡಕ್ಕೆ ನಿಧಾನ ಓದಿದರು. ಒಂದು ಸಾಲಿನ ಹತ್ತಿರ ನಿಂತು, 'ನೋಡ್ರಿ, ಇಲ್ಲಿ ಚೌಕಿ ಅಂತ ಅದ' ಅಂದರು. ಚೌಕಿ ಅಂದರೆ ಪೊಲೀಸ್ ಠಾಣೆಯೇ. ಪಕ್ಕದಲ್ಲಿ ಫಸಲಿ 1350, ಅದು ಆಗಿನ ಕಂದಾಯದ ವರ್ಷ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ, ಅಂದರೆ 1940-41. ವಿಸ್ತೀರ್ಣ 1 ಎಕರೆ 20 ಗುಂಟೆ. ಅವತ್ತು ಅವರು ಕೊಟ್ಟ ಚಹಾ ನನಗೆ ಇನ್ನೂ ನೆನಪಿದೆ.

ಇಷ್ಟು ಸಿಕ್ಕ ಮೇಲೆ ಟಿಪ್ಪಣಿಯ, ಅಂದರೆ ಸರ್ವೆಯವರ ಮೂಲ ಅಳತೆ ನಕ್ಷೆಯ ನಕಲು ತೆಗೆಸಿದೆ. ಟಿಪ್ಪಣಿಯಲ್ಲಿ ಮೀಟರೂ ಇಲ್ಲ, ಅಡಿಯೂ ಇಲ್ಲ. ಚೈನು ಮತ್ತು ಆಣೆ. ಒಂದು ಚೈನು 33 ಅಡಿ, ಅದರಲ್ಲಿ 16 ಆಣೆ. ಒಂದು ಆಣೆ ಅಂದರೆ 2 ಅಡಿ ಮುಕ್ಕಾಲು ಇಂಚು. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ಈ ಲೆಕ್ಕದ ಚಂದ ನೋಡಿ: ನಮ್ಮ ಜಾಗ ರಸ್ತೆಗೆ 6 ಚೈನು, ಒಳಕ್ಕೆ 10 ಚೈನು. ಆರು ಹತ್ತಲೆ ಅರವತ್ತು ಗುಂಟೆ. ಕ್ಯಾಲ್ಕುಲೇಟರ್ ಬೇಕಾಗಿಲ್ಲ.

ಕಾಗದದಲ್ಲಿ ಇಷ್ಟು ಸಲೀಸು. ಜಾಗಕ್ಕೆ ಹೋಗಿ ನೋಡಿದರೆ ಟೇಪು ಎಳೆಯಲು ದಾರಿಯೇ ಇಲ್ಲ. ಜಪ್ತಿ ಮಾಡಿದ ಮರಳಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ. ಟೈರಿನ ಸುತ್ತ ಜಾಲಿ ಬೆಳೆದಿದೆ. ಕೋರ್ಟಿನ ಆದೇಶ ಇಲ್ಲದೆ ಅವನ್ನು ಕೊಡುವಂತಿಲ್ಲ. ಕೊನೆಗೆ ಎರಡು ದಿನ ಹಿಡಿದು ಅವನ್ನೆಲ್ಲ ಒಂದು ಮೂಲೆಗೆ ಎಳೆಸಿದೆವು. ಎಲ್ಲಿಂದ ಎಲ್ಲಿಗೆ ಸರಿಸಿದೆವು ಅಂತ ಠಾಣೆಯ ಡೈರಿಯಲ್ಲಿ ಬರೆಸಿ, ಫೋಟೊ ತೆಗೆದು ಇಟ್ಟೆವು. ಒಂದು ಟ್ರೇಲರಿನ ಕೆಳಗೇ ನೈಋತ್ಯ ಮೂಲೆಯ ಕಲ್ಲು ಸಿಕ್ಕಿತು. ಶಹಾಬಾದ್ ಕಲ್ಲಿನ ತುಂಡು, ಮಲಗಿಕೊಂಡಿತ್ತು.

ಇದು ಎರಿ ಮಣ್ಣಿನ ಗುಣ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಉಬ್ಬಿ ಕುಗ್ಗಿ ಉಬ್ಬಿ ಕುಗ್ಗಿ, ಸರಿಯಾಗಿ ಹೂಳದ ಕಲ್ಲು ವರ್ಷದಿಂದ ವರ್ಷಕ್ಕೆ ವಾಲುತ್ತದೆ, ಒಂದು ದಿನ ಬೀಳುತ್ತದೆ. ಅಕ್ಕಪಕ್ಕದವರು ಕಲ್ಲು ಕಿತ್ತರು ಅಂತ ನಾವು ಎಷ್ಟೋ ಕೇಸಿನಲ್ಲಿ ಬರೆದುಕೊಂಡಿದ್ದೇವೆ. ಅದರಲ್ಲಿ ಕೆಲವನ್ನಾದರೂ ಕಿತ್ತದ್ದು ಮಣ್ಣೇ ಇರಬೇಕು. ಅಳತೆಗೆ ನಮ್ಮ ಕಡೆ ಒಳ್ಳೆಯ ಕಾಲ ತೊಗರಿ ರಾಶಿ ಮುಗಿದ ಮೇಲೆ, ಜನವರಿ-ಫೆಬ್ರುವರಿ. ಮಳೆ ಬಿದ್ದರೆ ಎರಿ ಮಣ್ಣು ಕಾಲಿಗೆ ಸೇರುಗಟ್ಟಲೆ ಮೆತ್ತುತ್ತದೆ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿನಲ್ಲಿ ಟೇಪಿಗಿಂತ ಮೊದಲು ಮನುಷ್ಯ ಸೊರಗುತ್ತಾನೆ. ಉಕ್ಕಿನ 30 ಮೀಟರ್ ಟೇಪು ಅಷ್ಟು ಬಿಸಿಲಿಗೆ ಹಿಗ್ಗುವುದು 7-8 ಮಿಲಿಮೀಟರಿನಷ್ಟು, ಅದೇನು ದೊಡ್ಡದಲ್ಲ. ಹಿಡಿದವನು ಬೇಸತ್ತು ಸಡಿಲ ಬಿಟ್ಟರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಹೊಸ ಹುಡುಗರು ಮೊಬೈಲಿನಲ್ಲಿ ದಿಶಾಂಕ್ ತೆರೆದು 'ಸರ್, ನಾವು ಪಕ್ಕದ ಸರ್ವೆ ನಂಬರಿನಾಗ ನಿಂತೀವಿ' ಅಂತ ಗಾಬರಿಯಾದರು. ಅದು ಒಳ್ಳೆಯ ಆ್ಯಪ್, ಯಾವ ಸರ್ವೆ ನಂಬರು ಅಂತ ಅಂದಾಜು ತಿಳಿಯಲು. ಆದರೆ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೆ ಈಚೆ ತೋರಿಸುವುದು ಮಾಮೂಲು. ಐದು ಮೀಟರ್ ಅಂದರೆ ಅರ್ಧ ಚೈನು. ಅದನ್ನು ನಂಬಿ ಗೋಡೆ ಕಟ್ಟುವಂತಿಲ್ಲ. ನಾವು ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು ಅರ್ಜಿ ಹಾಕಿ, ಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಿ, ಸರ್ಕಾರಿ ಸರ್ವೆಯರ್ ರೋವರ್ ಅನ್ನುವ, ಉಪಗ್ರಹದ ಸಿಗ್ನಲ್ ಹಿಡಿದು ಅಳೆಯುವ ಯಂತ್ರ ತೆಗೆದುಕೊಂಡು ಬಂದರು. ಕೋಲಿನ ತುದಿಗೆ ಒಂದು ಬಿಳಿ ಡಬ್ಬಿ. ಬಯಲಿನಲ್ಲಿ ನಿಲ್ಲಿಸಿದರೆ ಕೆಲವೇ ಸೆಂಟಿಮೀಟರ್ ತಪ್ಪಿನೊಳಗೆ ಜಾಗ ಹೇಳುತ್ತದೆ. ಠಾಣೆಯ ದೊಡ್ಡ ಬೇವಿನ ಮರದ ಕೆಳಗೆ ಮಾತ್ರ ಅದು ಸುಮ್ನೆ ತೇಲುತ್ತಲೇ ಇತ್ತು, ಫಿಕ್ಸ್ ಆಗಲಿಲ್ಲ. ಸರ್ವೆಯರ್ ಬಯಲಿನಲ್ಲಿ ಎರಡು ಗೂಟ ಹೊಡೆದು ಅವೆರಡನ್ನು ರೋವರಿನಿಂದ ತೆಗೆದುಕೊಂಡರು. ಅಲ್ಲಿಂದ ಮರದ ಬುಡದ ಕಲ್ಲಿಗೆ ಎರಡು ಟೇಪು ಎಳೆದೆವು. ಎರಡು ಕಮಾನು ಕೂಡಿದ ಕಡೆ ಕಲ್ಲು. ಡಿಪ್ಲೊಮಾದ ಮೊದಲ ವರ್ಷ ಕಲಿತದ್ದು, ಅಲ್ವಾ!

ಲೆಕ್ಕ ಹೀಗೆ ಬಂತು. ಮುಂದುಗಡೆ ರಸ್ತೆ ಅಗಲವಾದಾಗ 198 ಅಡಿ ಉದ್ದಕ್ಕೂ 20 ಅಡಿ ಹೋಗಿದೆ. ಮೂರೂವರೆ ಗುಂಟೆಗಿಂತ ಸ್ವಲ್ಪ ಜಾಸ್ತಿ. ಪಹಣಿಯಲ್ಲಿ ಅದನ್ನು ಕಳೆದೇ ಇರಲಿಲ್ಲ. ಇದು ನಿರೀಕ್ಷೆ ಇದ್ದದ್ದೇ. ಹಿಂದುಗಡೆಯದು ನಿರೀಕ್ಷೆ ಇರಲಿಲ್ಲ. ವಸತಿ ಗೃಹಗಳ ಬಚ್ಚಲುಮನೆ ಸಾಲು, 90 ಅಡಿ ಉದ್ದ, ನಮ್ಮ ಗಡಿ ದಾಟಿ 9 ಅಡಿ ಪಕ್ಕದ ಹೊಲದಲ್ಲಿ ನಿಂತಿತ್ತು. 810 ಚದರಡಿ. ಗುಂಟೆಗೂ 16 ಆಣೆ, ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಹನ್ನೆರಡು ಆಣೆ ಜಾಗ. ನನ್ನ ಅಂದಾಜು, ರಸ್ತೆಗೆ ಹೋದದ್ದನ್ನು ಲೆಕ್ಕಕ್ಕೆ ಹಿಡಿಯದೆ ಯಾರೋ ಮುಂದಿನ ಹೊಸ ಗೋಡೆಯಿಂದ ಹಿಂದಕ್ಕೆ ಅಳೆದಿದ್ದಾರೆ. ಒತ್ತುವರಿ ಕಾಲಂ ಮಾಡಿದಾಗ ಅದರಲ್ಲಿ ನಮ್ಮ ಹೆಸರೇ ಬರೆಯಬೇಕಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಆ ಹೊಲದ ಅಜ್ಜ, ನಮ್ಮ ಕಡೆ ಮುತ್ಯಾ ಅನ್ನುತ್ತೇವೆ, ಅಲ್ಲೇ ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಮೊದಲ ಸಲ ನಾವು ಜೀಪಿನಲ್ಲಿ ಯೂನಿಫಾರ್ಮಿನಲ್ಲಿ ಹೋದಾಗ ಅವರ ಮನೆ ಬಾಗಿಲು ಹಾಕಿತ್ತು. ಎರಡನೇ ಸಲ ಮಫ್ತಿಯಲ್ಲಿ, ಸೈಕಲ್ ಮೋಟಾರಿನ ಮೇಲೆ ಹೋದೆ. ಆಗ ಮಾತಾಡಿದರು. ಇದನ್ನು ಈ ಕೆಲಸ ಮಾಡುವ ಯಾವ ಪೊಲೀಸಿಗಾದರೂ ಹೇಳುತ್ತೇನೆ: ಟೋಪಿ ಮನೆಯಲ್ಲಿ ಬಿಟ್ಟು ಹೋಗಿ.

ಸುಣ್ಣದ ಗೆರೆ ಬಚ್ಚಲುಮನೆಯ ಗೋಡೆ ಹಾಯ್ದು ಹೋದದ್ದು ನೋಡಿ ನಾನು ಕೇಳಿದೆ, 'ಮುತ್ಯಾ, ಇಷ್ಟು ದಿನ ಯಾಕ ಹೇಳಲಿಲ್ಲ?'

'ಯಾರಿಗ್ ಹೇಳ್ಬೇಕ್ರಿ ಸಾಹೇಬ್ರ? ಕಂಪ್ಲೇಂಟ್ ಕೊಡೋ ಜಾಗಾನೇ ಇದಲ್ರಿ.'

ಸರ್ವೆಯರ್ ನಕ್ಕರು. ನನಗೆ ನಗು ಬರಲಿಲ್ಲ.

ಅದನ್ನು ನಕ್ಷೆಯಲ್ಲಿ ತೋರಿಸದೆ ಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. 'ಸಣ್ಣದು, ಇರಲಿ ಬಿಡಿ' ಅಂದವರೂ ಇದ್ದರು. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪಂಚನಾಮೆಯಲ್ಲಿ ಬರೆಸಿ, ಮೇಲಕ್ಕೆ ಕಳಿಸಿದೆ. ದೊಡ್ಡತನ ಏನಿಲ್ಲ. ಹೊಸ ಕಟ್ಟಡದ ಪಾಯ ಅದೇ ತಪ್ಪು ಗೆರೆಯ ಮೇಲೆ ಬಿದ್ದರೆ ನಾಳೆ ಕೋರ್ಟಿನಿಂದ ತಡೆಯಾಜ್ಞೆ ಬರುತ್ತದೆ, ಆಗ ಕೇಳುವುದು ನನ್ನನ್ನೇ. ಹೇಗೂ ಹಳೇ ಸಾಲು ಕೆಡವುವುದೇ ಇತ್ತು. ಹೊಸ ನಕ್ಷೆಯನ್ನು ಗಡಿಯ ಒಳಗೆ ಸರಿಸಿ ಬರೆದರು.

ಕಟ್ಟಡದ ಒಳಗಿನ ನಕ್ಷೆ ನಾವೇ ಮಾಡಿದೆವು, ಟೇಪು ಹಿಡಿದು. ಪ್ರತಿ ಕೋಣೆಗೆ ನಾಲ್ಕು ಗೋಡೆ ಮಾತ್ರವಲ್ಲ, ಎರಡು ಕರ್ಣವೂ ಅಳೆಯಬೇಕು. ಹಳೇ ಕಟ್ಟಡಗಳಲ್ಲಿ ಕೋಣೆ ಚೌಕ ಅನಿಸುತ್ತದೆ, ಕರ್ಣ ಅಳೆದರೆ ಒಂದಡಿ ಫರಕು ಬರುತ್ತದೆ. ಸೆಪ್ಟಿಕ್ ಗುಂಡಿ, ಬೋರು, ವೈರ್‌ಲೆಸ್ ಕಂಬ, ನೆಲದೊಳಗಿನ ಪೈಪು, ಇವೂ ಬೇಕು. ಪೈಪು ಎಲ್ಲಿದೆ ಅಂತ ಗೊತ್ತಿದ್ದವನು ವರ್ಗವಾಗಿ ಹೋದರೆ ಮುಗಿಯಿತು.

ಒಂದು ವಿಷಯದಲ್ಲಿ ನಾನು ಹಟ ಮಾಡಿದೆ. ಹೊರಗೆ ಹೋಗುವ ನಕ್ಷೆಯಲ್ಲಿ ಯಾವ ಕೋಣೆಗೂ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಲಾಕಪ್, ಯಾವುದು ಬಂದೂಕು ಇಡುವ ಕೋಣೆ ಅನ್ನುವ ಪಟ್ಟಿ ಬೇರೆ ಹಾಳೆಯಲ್ಲಿ, ಬೀಗದೊಳಗೆ. ಡ್ರೋನ್ ಹಾರಿಸಿ ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ ಅಂತ ಬಂದ ಖಾಸಗಿಯವರನ್ನೂ ಇದೇ ಕಾರಣಕ್ಕೆ ವಾಪಸು ಕಳಿಸಿದೆವು. ಖಾಲಿ ನಿವೇಶನಕ್ಕೆ ಡ್ರೋನ್ ಚೆನ್ನ. ಠಾಣೆಯ ಚಿತ್ರ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿಯುವುದು ನನಗೆ ಒಪ್ಪಲಿಲ್ಲ.

ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ನಕ್ಷೆಗೆ ಏರಿಸುವಾಗ ಒಂದು ಠಾಣೆ ಕಾಣೆಯಾಯಿತು. ಹುಡುಕಿದರೆ ಹದಿನೈದು ಕಿಲೋಮೀಟರ್ ದಕ್ಷಿಣಕ್ಕೆ ಒಂದು ತೊಗರಿ ಹೊಲದಲ್ಲಿ ಕೂತಿತ್ತು. ಅಕ್ಷಾಂಶ 16 ಡಿಗ್ರಿ 20 ಮಿನಿಟು ಅನ್ನುವುದನ್ನು ಯಾರೋ 16.20 ಅಂತ ಟೈಪು ಮಾಡಿದ್ದರು. ಇಪ್ಪತ್ತು ಮಿನಿಟು ಅಂದರೆ ಡಿಗ್ರಿಯ ಮೂರನೇ ಒಂದು ಭಾಗ, 16.33 ಆಗಬೇಕು. ಯಾರೋ ಅಂದೆನಲ್ಲ, ಅದು ನಾನೇ.

ಕೊನೆಗೆ ಕಲ್ಲು ನೆಡುವ ದಿನ. ಈ ಸಲ ಮೂರಡಿ ಅಗೆದು, ಎರಿ ಮಣ್ಣು ತೆಗೆದು ಹೊರಗೆ ಹಾಕಿ, ಮುರಂ ತುಂಬಿ ದಮ್ಮಸು ಮಾಡಿ, ಬುಡಕ್ಕೆ ಕಾಂಕ್ರೀಟು ಹಾಕಿದೆವು. ಮುತ್ಯಾ ಬಂದರು. ಕಲ್ಲಿನ ತಲೆಗೆ ಎರಡೂ ಕೈ ಇಟ್ಟು ಜೋರಾಗಿ ಅಲುಗಾಡಿಸಿ ನೋಡಿದರು. ಅಲುಗಾಡಲಿಲ್ಲ.

'ಚಲೋ ಆತ್ರಿ' ಅಂದರು. 'ಮಳಿಗಾಲ ಹೋದ ಮ್ಯಾಲ ಇನ್ನೊಮ್ಮಿ ಬಂದು ನೋಡ್ತೀನಿ.'