ನಾಕಾಬಂದಿಯಲ್ಲಿ ಊದಿಸಿದ ಮೇಲೆ: ಪಾನಮತ್ತ ಚಾಲನೆಯ ಕಾನೂನು, ಲೆಕ್ಕ, ಮುಂದಿನ ಹೆಜ್ಜೆಗಳು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185 ಹಾಕಿರುವ ಗೆರೆ ಸ್ಪಷ್ಟ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸಿದರೆ ಅಪರಾಧ. ಓಡಿಸಲು ಯತ್ನಿಸಿದರೂ ಅದೇ ಅಪರಾಧ. ಹಾಗಾಗಿ 'ಗಾಡಿ ಇನ್ನೂ ಹೊರಟೇ ಇರಲಿಲ್ಲ ಸಾರ್' ಎಂಬ ಮಾತು ಪ್ರತಿ ಸಲ ನಡೆಯುವುದಿಲ್ಲ. ಸ್ಕೂಟರಿಗೂ ಲಾರಿಗೂ ಮಿತಿ ಒಂದೇ. ಗಾಂಜಾದಂಥ ಮಾದಕ ವಸ್ತುಗಳಿಗೆ ಅಂಕಿಯ ಮಿತಿ ಇಲ್ಲ; ವಾಹನದ ಮೇಲೆ ಹಿಡಿತ ತಪ್ಪುವಷ್ಟು ಅಮಲಿದ್ದರೆ ಅದೇ ಸೆಕ್ಷನ್ ಅನ್ವಯಿಸುತ್ತದೆ.

30 ಮಿಲಿಗ್ರಾಂ ಎಂದರೆ ಎಷ್ಟು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಲೆಕ್ಕ ಕಷ್ಟದ್ದೇನೂ ಅಲ್ಲ. ಕುಡಿದ ಮಿಲಿಯನ್ನು ಬಾಟಲಿಯ ಮೇಲಿರುವ ಶೇಕಡಾವಾರಿನಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 0.79ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಎಂದು ಸಿಗುತ್ತದೆ. ಅದನ್ನು 100ರಿಂದ ಗುಣಿಸಿ, ದೇಹದ ತೂಕ ಮತ್ತು 0.68ರ ಗುಣಲಬ್ಧದಿಂದ ಭಾಗಿಸಿದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಆಲ್ಕೋಹಾಲ್ ಇದೆ ಎಂಬುದು ಅಂದಾಜಾಗಿ ಬರುತ್ತದೆ. ಹೆಂಗಸರಿಗೆ 0.68ರ ಬದಲು 0.55 ಹಾಕಬೇಕು, ಏಕೆಂದರೆ ದೇಹದಲ್ಲಿ ನೀರಿನ ಪಾಲು ಕಡಿಮೆ. ಶೇ 42.8ರ ವಿಸ್ಕಿಯ 30 ಮಿಲಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 70 ಕೆಜಿಯ ಗಂಡಸಿನಲ್ಲಿ ಅದು 21ರ ಆಸುಪಾಸು ತೋರಿಸುತ್ತದೆ. 60 ಮಿಲಿಯ ಒಂದೇ ಪೆಗ್ ಹಾಕಿದರೆ 42, ಅಂದರೆ ಮಿತಿ ದಾಟಿತು. 55 ಕೆಜಿಯ ಹೆಂಗಸಿಗೆ 30 ಮಿಲಿಯೇ 33ಕ್ಕೆ ಒಯ್ಯುತ್ತದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ ಇರುವುದರಿಂದ 70 ಕೆಜಿಯವರಲ್ಲಿ ಮಟ್ಟ 86 ಮುಟ್ಟುತ್ತದೆ. 'ಬರೀ ಬಿಯರ್' ಎನ್ನುವ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

ಏರಿದ್ದು ಇಳಿಯುವುದು ತೀರಾ ನಿಧಾನ. ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಇಳಿಸುತ್ತದೆ. ಕೆಲವರಲ್ಲಿ 10 ಮಾತ್ರ. ಕಾಫಿ, ನಿಂಬೆ ಶರಬತ್ತು, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 9ರಿಂದ 12ರವರೆಗೆ ಒಂದು ಕ್ವಾರ್ಟರ್ (180 ಮಿಲಿ) ಮತ್ತು ಒಂದು ನೈಂಟಿ (90 ಮಿಲಿ), ಅಂದರೆ ಅದೇ ವಿಸ್ಕಿಯನ್ನು 270 ಮಿಲಿ ಕುಡಿದ 70 ಕೆಜಿಯ ಮನುಷ್ಯನ ಲೆಕ್ಕ ನೋಡಿ: ಒಟ್ಟು 191, ಬೆಳಿಗ್ಗೆ 7ರ ಹೊತ್ತಿಗೆ ಹತ್ತು ಗಂಟೆಯಲ್ಲಿ ಇಳಿದದ್ದು 150, ಉಳಿದದ್ದು 41. ನಿದ್ದೆ ಮಾಡಿ, ಹಲ್ಲುಜ್ಜಿ, ಮಕ್ಕಳನ್ನು ಶಾಲೆಗೆ ಬಿಡಲು ಹೊರಟಾಗಲೂ ಅವನು ಕಾನೂನಿನ ಕಣ್ಣಲ್ಲಿ ಪಾನಮತ್ತನೇ. ಬೆಳಗಿನ ಪಾಳಿಯ ಚಾಲಕರು ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ವಿಷಯ: ಊಟ ಮಾಡಿ ಕುಡಿದರೆ ಆಲ್ಕೋಹಾಲ್ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಹೊರಡುವಾಗ ಚೆನ್ನಾಗಿದ್ದೇನೆ ಎನಿಸಿದವರಿಗೆ ಅರ್ಧ ದಾರಿಯಲ್ಲಿ ಮಟ್ಟ ಏರಬಹುದು. ಈ ಲೆಕ್ಕವನ್ನು ಯಾವಾಗ ಗಾಡಿ ಮುಟ್ಟಬಾರದು ಎಂದು ತಿಳಿಯಲು ಬಳಸಿ. ಎಷ್ಟು ಕುಡಿದರೆ ಪಾರಾಗಬಹುದು ಎಂದು ನೋಡಲು ಬಳಸಿದರೆ ಅದು ಮೋಸ ಮಾಡುತ್ತದೆ, ಏಕೆಂದರೆ ದೇಹದಿಂದ ದೇಹಕ್ಕೆ ಅಂಕಿ ಬದಲಾಗುತ್ತದೆ.

ಈಗ ತಪಾಸಣೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಅಥವಾ ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿ, ಸಕಾರಣ ಅನುಮಾನವಿದ್ದರೆ ಉಸಿರಿನ ಮಾದರಿ ಕೇಳಬಹುದು (ಸೆಕ್ಷನ್ 203). ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ಹೊಸ ಊದುಕೊಳವೆ ಹಾಕುವಂತೆ ಕೇಳಿ. ಊದುವ ಮೊದಲು ಯಂತ್ರ ಸೊನ್ನೆ ತೋರಿಸುತ್ತಿದೆಯೇ ನೋಡಿ. ಹಿಂದಿನವರ ಉಸಿರು ಒಳಗೆ ಉಳಿದಿದ್ದರೆ ನಿಮ್ಮ ಅಂಕಿ ಕೆಡುತ್ತದೆ. ಆಮೇಲೆ ಪೂರ್ತಿ ಉಸಿರೆಳೆದು, ಯಂತ್ರ ನಿಲ್ಲಿಸು ಎನ್ನುವವರೆಗೆ ಒಂದೇ ಸಮನೆ ಊದಿ. ಅರ್ಧಂಬರ್ಧ ಊದಿದರೆ ಯಂತ್ರ ಮಾದರಿಯನ್ನು ಸ್ವೀಕರಿಸುವುದಿಲ್ಲ, ಎರಡು ಮೂರು ಸಲ ಹಾಗೆ ಮಾಡಿದರೆ ನಿರಾಕರಣೆ ಎಂದೇ ಬರೆಯಬಹುದು.

ಕೆಮ್ಮಿನ ಸಿರಪ್, ಮೌತ್‌ವಾಶ್, ಹೋಮಿಯೋಪತಿ ಟಿಂಕ್ಚರ್ ಬಳಸಿದ್ದರೆ ಊದುವ ಮೊದಲೇ ಹೇಳಿ, 15 ನಿಮಿಷ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಲು ಕೇಳಿ. ಇವು ಬಾಯಲ್ಲಿ ಬಿಡುವ ಆಲ್ಕೋಹಾಲ್ ಅಷ್ಟರಲ್ಲಿ ಆರಿಹೋಗುತ್ತದೆ. ರಕ್ತದಲ್ಲಿದ್ದದ್ದು ಹೋಗುವುದಿಲ್ಲ, ಆದ್ದರಿಂದ ಎರಡನೇ ಅಂಕಿ ಸತ್ಯ ಹೇಳುತ್ತದೆ. ಏಲಕ್ಕಿ, ಪಾನ್, ಈರುಳ್ಳಿ ಅಗಿದರೆ ವಾಸನೆ ಬದಲಾದೀತು, ಅಂಕಿ ಬದಲಾಗದು: ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬಂದ ಗಾಳಿಯಲ್ಲಿರುವ ಆಲ್ಕೋಹಾಲನ್ನು.

ಅಂಕಿಯ ಜೊತೆ ಅದರ ಮಾನವನ್ನೂ ಓದಿ. ಕೆಲವು ಯಂತ್ರಗಳು 30 ಎಂದೂ ಕೆಲವು 0.030 ಎಂದೂ ತೋರಿಸುತ್ತವೆ, ಎರಡೂ ಒಂದೇ. ಮುದ್ರಿತ ಚೀಟಿಯಲ್ಲಿ ದಿನಾಂಕ, ಸಮಯ, ಯಂತ್ರದ ಸಂಖ್ಯೆ, ನಿಮ್ಮ ಹೆಸರು ಸರಿಯಾಗಿವೆಯೇ ನೋಡಿ ಸಹಿ ಮಾಡಿ. ಈ ಚೀಟಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ.

'ಊದಲ್ಲ' ಎಂದು ಹಠ ಹಿಡಿದರೆ ಲಾಭವಿಲ್ಲ. ಕುಡಿದಿದ್ದಾರೆಂಬ ಅನುಮಾನಕ್ಕೆ ಆಧಾರವಿದ್ದರೆ ನಿರಾಕರಿಸಿದವರನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಠಾಣೆಯಲ್ಲಿ ರಕ್ತದ ಮಾದರಿ ಕೇಳಬಹುದು. ಸರಿಯಾದ ಕಾರಣವಿಲ್ಲದ ನಿರಾಕರಣೆಯನ್ನು ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಪೂರಕವಾಗಿ ತೆಗೆದುಕೊಳ್ಳಲು ಸೆಕ್ಷನ್ 205 ಅವಕಾಶ ಕೊಡುತ್ತದೆ.

ಬಂಧಿಸಿದರೆ ಗಡಿಯಾರ ನೋಡಿಕೊಳ್ಳಿ. ಸೆಕ್ಷನ್ 185ರಡಿ ಬಂಧಿತರಾದವರನ್ನು ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡುಗಡೆ ಮಾಡಬೇಕು ಎನ್ನುತ್ತದೆ ಸೆಕ್ಷನ್ 202. ಠಾಣೆಯಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೇಳುವುದು ನಿಮ್ಮ ಹಕ್ಕು. ಮಹಿಳೆಯ ರಕ್ತದ ಮಾದರಿಯನ್ನು ಪುರುಷ ವೈದ್ಯರು ತೆಗೆಯುವುದಾದರೆ ಇನ್ನೊಬ್ಬ ಮಹಿಳೆ ಅಲ್ಲಿರಲೇಬೇಕು. ಇದು ಜಾಮೀನು ಸಿಗುವ ಅಪರಾಧ. ಜಾಮೀನು ಹಕ್ಕಾಗಿ ಸಿಗುತ್ತದೆ.

ಗಾಡಿಯ ವಿಷಯ: ಕುಡಿಯದ, ಡಿಎಲ್ ಇರುವ ಮನೆಯವರನ್ನೋ ಸ್ನೇಹಿತರನ್ನೋ ಕೂಡಲೇ ಕರೆಸಿ, ಅವರ ಕೈಗೆ ಕೊಡುವಂತೆ ಕೇಳಿ. ಠಾಣೆಯಲ್ಲಿ ಇಟ್ಟುಕೊಂಡರೆ ಸ್ವೀಕೃತಿ ಪತ್ರ ಪಡೆದು, ಒಳಗಿರುವ ಬೆಲೆಬಾಳುವ ವಸ್ತುಗಳನ್ನು ತೆಗೆದುಕೊಂಡು, ಗಾಡಿಯ ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಡಿಎಲ್ ಕಿತ್ತುಕೊಂಡಾಗ ಕೊಡುವ ರಸೀದಿಯನ್ನು ತೋರಿಸಿ ಗಾಡಿ ಓಡಿಸಬಹುದು ಎಂದು ಹಲವರು ನಂಬಿದ್ದಾರೆ. ಕಾಯ್ದೆ ಅದಕ್ಕೆ ಸ್ಪಷ್ಟವಾಗಿ ಇಲ್ಲ ಎನ್ನುತ್ತದೆ.

ದಂಡದ ಬಗ್ಗೆ ಇರುವ ತಪ್ಪು ತಿಳಿವಳಿಕೆಯೇ ಹೆಚ್ಚು. ಸ್ಥಳದಲ್ಲೇ ಕಟ್ಟಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಸೆಕ್ಷನ್ 185 ಇಲ್ಲ. ರಸ್ತೆಬದಿಯಲ್ಲಿ ಯಾರಾದರೂ 'ಇಷ್ಟು ಕೊಟ್ಟು ಹೋಗಿ' ಎಂದರೆ ಅದು ಲಂಚ, ದಂಡವಲ್ಲ, ಕೊಟ್ಟವರೂ ಅಪರಾಧಿಗಳಾಗುತ್ತಾರೆ. ಪ್ರಕರಣ ಹೋಗಬೇಕಾದದ್ದು ನ್ಯಾಯಾಲಯಕ್ಕೇ. 2019ರ ಸೆಪ್ಟೆಂಬರ್ 1ರಿಂದ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಹಿಂದೆ ಮೊದಲ ದಂಡದ ಗರಿಷ್ಠ ಮಿತಿ 2,000 ರೂಪಾಯಿ ಇತ್ತು. ಸಮನ್ಸ್‌ನಲ್ಲಿರುವ ದಿನ ಹಾಜರಾಗಿ. ತಪ್ಪಿಸಿದರೆ ವಾರಂಟ್ ಹೊರಡಬಹುದು. ತಪ್ಪೊಪ್ಪಿಗೆ ಕೊಡುವ ಮುನ್ನ ವಕೀಲರೊಂದಿಗೆ ಮಾತಾಡುವುದು ಒಳ್ಳೆಯದು, ಏಕೆಂದರೆ ಒಪ್ಪಿಕೊಂಡ ಕ್ಷಣದಿಂದ ಅದು ಶಿಕ್ಷೆಯ ದಾಖಲೆ. ಮುಂದಿನ ಸಲದ್ದು 'ಎರಡನೇ ಅಪರಾಧ' ಆಗುವುದು ಅದರ ಮೇಲೇ.

ದಂಡ ಕಟ್ಟಿದ ಮೇಲೂ ಡಿಎಲ್ ಪ್ರಕರಣ ಆರ್‌ಟಿಒದಲ್ಲಿ ಬೇರೆಯಾಗಿ ನಡೆಯುತ್ತದೆ. ನಿಮ್ಮ ಮಾತು ಕೇಳಿದ ನಂತರ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಎರಡನೇ ಸಲಕ್ಕೆ ಡಿಎಲ್ಲನ್ನೇ ರದ್ದು ಮಾಡಬಹುದು. ಆದೇಶದ ವಿರುದ್ಧ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅನರ್ಹತೆಯ ಅವಧಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ ಸೆಕ್ಷನ್ 182ರ ಹೊಸ ಕೇಸು, ಅದಕ್ಕೆ ಪ್ರತ್ಯೇಕ ದಂಡ ಮತ್ತು ಜೈಲಿನ ಸಾಧ್ಯತೆ.

ಪಕ್ಕದಲ್ಲಿ ಕೂತವರೂ ಕೇಳಿಸಿಕೊಳ್ಳಬೇಕಾದದ್ದು ಸೆಕ್ಷನ್ 188. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಕುಡಿದ ಡ್ರೈವರನ್ನು 'ಇವತ್ತೊಂದು ಟ್ರಿಪ್ ಹಾಕು' ಎಂದು ಕಳಿಸುವ ಮಾಲೀಕರು ಇದನ್ನು ಮರೆಯಬಾರದು.

ಅಪಘಾತವಾದರೆ ಮಾತೇ ಬೇರೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಡಿ ಐದು ವರ್ಷದವರೆಗೆ ಜೈಲು. ಕುಡಿದು ಓಡಿಸಿದರೆ ಜನ ಸಾಯಬಹುದೆಂಬ ಅರಿವು ಇತ್ತು ಎಂದು ಸಾಬೀತಾದರೆ ಕೊಲೆಯಲ್ಲದ ನರಹತ್ಯೆಯ ಆರೋಪವೂ ನಿಲ್ಲುತ್ತದೆ; 2006ರ ಮುಂಬೈ ಕಾರ್ಟರ್ ರಸ್ತೆಯ ಪ್ರಕರಣದಲ್ಲಿ ಏಳು ಮಂದಿ ಸತ್ತಿದ್ದರು, ಸುಪ್ರೀಂ ಕೋರ್ಟ್ 2012ರಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಸ್ವಂತ ಗಾಡಿಯ ರಿಪೇರಿಗೆ ವಿಮೆ ಸಿಗುವುದಿಲ್ಲ. ರಕ್ತ ಪರೀಕ್ಷೆ ಆಗಿಲ್ಲ ಎಂಬ ಒಂದೇ ಕಾರಣಕ್ಕೆ ಸಿಗುತ್ತದೆ ಎಂದುಕೊಳ್ಳಬೇಡಿ: ಬೇರೆ ಸಾಕ್ಷ್ಯದಿಂದಲೂ ಅಮಲನ್ನು ಸಾಬೀತುಪಡಿಸಬಹುದೆಂದು 2021ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ನೀತಿಯ ಮಟ್ಟದಲ್ಲಿ ದಂಡ ಏರಿಸಿದ್ದು ಸರಿಯೇ. ಆದರೆ ಜನರ ನಡವಳಿಕೆ ಬದಲಿಸುವುದು ಸಿಕ್ಕಿಬೀಳುತ್ತೇನೆಂಬ ಖಾತ್ರಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರಲ್ಲಿ ಅನುಮಾನವಿಲ್ಲದೆಯೂ ಯಾರನ್ನಾದರೂ ನಿಲ್ಲಿಸಿ ಊದಿಸುವ ಪದ್ಧತಿ ತಂದಿತು. ನಮ್ಮ ಸೆಕ್ಷನ್ 203 ಇನ್ನೂ ಅನುಮಾನದ ಮೇಲೇ ನಿಂತಿದೆ. ವಾರಾಂತ್ಯದ ರಾತ್ರಿಗೆ, ಹೊಸ ವರ್ಷಕ್ಕೆ ಸೀಮಿತವಾದ ತಪಾಸಣೆ ಮಂಗಳವಾರ ಮಧ್ಯಾಹ್ನ ಕುಡಿದು ಹೊರಡುವವರನ್ನು ಮುಟ್ಟುವುದೇ ಇಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತ್ತು. ಮುಂದಿನ ವರ್ಷ ಸಣ್ಣ ಊರುಗಳಿಗೆ ಅದು 220 ಮೀಟರ್‌ಗೆ ಇಳಿಯಿತು, ನಗರ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. ಅಂಗಡಿ ಎಷ್ಟು ದೂರ ಎಂಬುದಕ್ಕಿಂತ ಕುಡಿದವರು ಮನೆಗೆ ಹೇಗೆ ಹೋಗುತ್ತಾರೆ ಎಂಬುದಕ್ಕೆ ಉತ್ತರ ಬೇಕಿದೆ.

ಆ ಉತ್ತರವನ್ನು ನಿಮ್ಮ ಮಟ್ಟಿಗೆ ಮೊದಲ ಗ್ಲಾಸಿಗೆ ಮುಂಚೆಯೇ ಹುಡುಕಿ. ಗಾಡಿ ಮನೆಯಲ್ಲೇ ಬಿಟ್ಟು ಹೊರಡಿ. ಒಯ್ದಿದ್ದರೆ ಕೀಯನ್ನು ಆ ದಿನ ಒಂದು ಹನಿಯೂ ಕುಡಿಯದವರ ಕೈಗೆ ಕೊಡಿ. 'ಕಡಿಮೆ ಕುಡಿದವನು ಓಡಿಸಲಿ' ಎಂಬ ಏರ್ಪಾಡು ಕೆಲಸ ಮಾಡುವುದಿಲ್ಲ, ಮೇಲಿನ ಲೆಕ್ಕವೇ ಕಾರಣ. ಮರುದಿನ ಬೆಳಿಗ್ಗೆ ಬೇಗ ಹೊರಡಬೇಕಿದ್ದರೆ ಹಿಂದಿನ ರಾತ್ರಿಯೇ ಬೇರೆ ವ್ಯವಸ್ಥೆ ಮಾಡಿಟ್ಟುಕೊಳ್ಳಿ. ಮುಂದಿನ ಗಾಡಿ ಪಟ್ಟಿ ದಾಟಿ ದಾಟಿ ತೂರಾಡುತ್ತಾ ಹೋಗುತ್ತಿದ್ದರೆ ಓವರ್‌ಟೇಕ್ ಮಾಡಲು ಹೋಗಬೇಡಿ. ಅಂತರ ಬಿಟ್ಟು ಹಿಂದುಳಿಯಿರಿ, ಪಕ್ಕದಲ್ಲಿರುವವರಿಂದ 112ಕ್ಕೆ ಫೋನ್ ಮಾಡಿಸಿ. ನೋಂದಣಿ ಸಂಖ್ಯೆ, ಗಾಡಿಯ ಬಣ್ಣ, ಯಾವ ಕಡೆಗೆ ಹೋಗುತ್ತಿದೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ, ಈ ನಾಲ್ಕನ್ನು ತಪ್ಪದೆ ಹೇಳಿಸಿ.